"ನಮ್ಮ ಕಾಲದಲ್ಲಿ ಹೀಗಾಗಿಲ್ಲ" ಅನ್ನೋದು ದಾಖಲೆಯಲ್ಲ

ನೆರೆ ಬಂದಾಗ, ಗುಡ್ಡ ಜರಿದಾಗ ಪ್ರತಿ ಸಲ ಒಂದೇ ಮಾತು: "ನಮ್ಮ ಕಾಲದಲ್ಲಿ ಹೀಗಾಗಿದ್ದೇ ಇಲ್ಲ." ಎಷ್ಟೋ ಕಡೆ ಆಗಿರುತ್ತದೆ, ಬರೆದಿಟ್ಟವರಿರುವುದಿಲ್ಲ. ಕೊಲಂಬಿಯಾದ ಅರ್ಮೆರೊ ಪಟ್ಟಣ ನಿಂತಿದ್ದೇ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿಯಿಂದ 1845ರಲ್ಲಿ ಹರಿದುಬಂದ ಕೆಸರಿನ ಮೇಲೆ. 1985ರ ನವೆಂಬರ್ 13ರ ರಾತ್ರಿ ಕೆಸರು ಮತ್ತೆ ಅಲ್ಲಿಗೇ ಬಂತು, 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕ್ಷೆ ಹಿಂದಿನ ತಿಂಗಳೇ ತಯಾರಾಗಿತ್ತು! ಇಂಡೋನೇಷ್ಯಾದ ಸಿಮೆಲೂ ದ್ವೀಪದವರು 1907ರ ಸುನಾಮಿಯನ್ನು ಮಕ್ಕಳಿಗೆ ಹೇಳುತ್ತಲೇ ಬಂದಿದ್ದರು. 2004ರಲ್ಲಿ ನೆಲ ನಡುಗಿ ಕಡಲು ಹಿಂದೆ ಸರಿದಾಗ ಗುಡ್ಡ ಹತ್ತಿದರು. ಸುಮಾರು 78 ಸಾವಿರ ಜನರಲ್ಲಿ ತೀರಿಕೊಂಡವರು 7.

ನೆನಪು ಬೇಕು, ಸರಿ. ಆದರೆ "ಸೊಂಟದವರೆಗೆ ನೀರು ಬಂದಿತ್ತು" ಅಂದರೆ ಯಾರ ಸೊಂಟ, ಎಲ್ಲಿ ನಿಂತಾಗ? ಸಣ್ಣ ಊರಿನ ನೆರೆ ಇತಿಹಾಸ ಹಾಳಾಗುವುದು ಇಲ್ಲೇ. ನೀರಿಳಿದ ಮೇಲೆ, ಇನ್ನೊಂದು ಮಳೆ ತೊಳೆದುಹಾಕುವ ಮೊದಲು, ಮನೆಯ ಒಳಗೋಡೆಯ ಕೆಸರಿನ ಗೆರೆ ಗುರುತಿಸಿ. ಹೊರಗೋಡೆಯದ್ದು ಬೇಡ, ಹರಿವಿಗೆ ಎದುರಾಗಿರುವ ಗೋಡೆಗೆ ನೀರು ಬಡಿದು ಮೇಲೇರಿರುತ್ತದೆ. ತೇವ ಹೀರಿ ಮೇಲೆ ಹತ್ತಿದ ಕಲೆಯನ್ನೂ ನಂಬಬೇಡಿ. ಎತ್ತರವನ್ನು ರಸ್ತೆಯಿಂದ ಅಳೆಯುವುದು ದೊಡ್ಡ ತಪ್ಪು: ಪ್ರತಿ ಡಾಂಬರಿಗೂ ರಸ್ತೆ ಏರುತ್ತದೆ, ಹಳೇ ನೆರೆ ಕಾಗದದ ಮೇಲೆ ತಗ್ಗುತ್ತಾ ಹೋಗುತ್ತದೆ. ಅಲುಗಾಡದ ಬಂಡೆಯನ್ನೋ ಗಟ್ಟಿ ಕಟ್ಟಡದ ಕಲ್ಲಿನ ಮೆಟ್ಟಿಲನ್ನೋ ಆಧಾರವಾಗಿಟ್ಟುಕೊಳ್ಳಿ. ಗೆರೆಯ ಮಟ್ಟವನ್ನು ಅಲ್ಲಿಗೆ ತರಲು ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು, ಒಳಗೆ ಗಾಳಿ ಗುಳ್ಳೆ ಇರಬಾರದು ಅಷ್ಟೇ. ಮೊಬೈಲ್ ತೋರಿಸುವ ಎತ್ತರ ಮೀಟರ್‌ಗಟ್ಟಲೆ ತಪ್ಪಬಹುದು.

ಕಾರಣವನ್ನೂ ಬರೆಯಿರಿ. ಮರದ ದಿಮ್ಮಿ ಸಿಕ್ಕಿ ಸೇತುವೆಯ ಕಣ್ಣು ಮುಚ್ಚಿದ್ದರಿಂದ ಏರಿದ ನೀರಿಗೂ ಹೊಳೆಯೇ ತುಂಬಿ ಬಂದ ನೀರಿಗೂ ಗೋಡೆಯ ಮೇಲೆ ಗೆರೆ ಒಂದೇ ಥರ ಇರುತ್ತದೆ, ಪರಿಹಾರ ಬೇರೆ ಬೇರೆ.

ಇನ್ನು "ನೂರು ವರ್ಷದ ನೆರೆ". ಒಂದು ಸಲ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಅಂತ ತಿಳಿದವರು ಓದಿದವರಲ್ಲೂ ಇದ್ದಾರೆ. ಯಾವ ವರ್ಷವಾದರೂ ಬರುವ ಸಾಧ್ಯತೆ ಶೇ. 1 ಅಂತ ಅದರರ್ಥ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ನಿಮ್ಮ ಬಳಿ 40 ವರ್ಷದ ಅಳತೆ ಇದ್ದರೆ, ನೆರೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ವರ್ಷಗಳ ಸಂಖ್ಯೆಗೆ ಒಂದು ಸೇರಿಸಿ ಕ್ರಮಾಂಕದಿಂದ ಭಾಗಿಸಿ, ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಅಂತ ಅಂದಾಜಿಸುವುದು ರೂಢಿ: ಅತಿ ದೊಡ್ಡದಕ್ಕೆ 41 ವರ್ಷ, ಎರಡನೆಯದಕ್ಕೆ ಇಪ್ಪತ್ತೂವರೆ. ಅಷ್ಟರಿಂದ ನೂರು ವರ್ಷದ್ದನ್ನು ಖಚಿತವಾಗಿ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಗುಡ್ಡದ ಲೆಕ್ಕ ಬೇರೆ, ಅಲ್ಲಿ ಚರಿತ್ರೆ ನೆಲದಲ್ಲೇ ಇರುತ್ತದೆ. ಕಣಿವೆ ಬಾಯಲ್ಲಿ ಬೀಸಣಿಗೆಯಂತೆ ಹರಡಿದ ಮಟ್ಟಸ ಜಾಗ, ಅದರ ಮೇಲೆ ಅಲ್ಲಲ್ಲಿ ದೊಡ್ಡ ಬಂಡೆಗಳಿದ್ದರೆ ಅವನ್ನು ತಂದದ್ದು ಯಾವುದೆಂದು ಕೇಳಿಕೊಳ್ಳಿ. ಮನೆ ಕಟ್ಟಲು ಎಲ್ಲರಿಗೂ ಹಿಡಿಸುವುದು ಅದೇ ಜಾಗ. ಅಮೆರಿಕದ ಓಸೊ ಎಂಬಲ್ಲಿ 2014ರ ಮಾರ್ಚ್ 22ರಂದು 43 ಜನರನ್ನು ಬಲಿ ತೆಗೆದುಕೊಂಡ ಇಳಿಜಾರು 2006ರಲ್ಲೂ ಜರಿದಿತ್ತು. ಇಳಿಜಾರಿನಲ್ಲಿ ಅರ್ಧಚಂದ್ರದ ಬಿರುಕು ಕಂಡರೆ ಎರಡೂ ಬದಿ ಗೂಟ ಹೊಡೆದು ದಿನಾ ಅಂತರ ಅಳೆಯಿರಿ. ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ಬಿಡುತ್ತಿದ್ದರೆ ಅಳತೆ ನಿಲ್ಲಿಸಿ ಹೊರಡಿ. ಜೋರು ಮಳೆ ಸುರಿಯುತ್ತಿದ್ದಾಗಲೇ ಹಳ್ಳದ ನೀರು ತಟ್ಟನೆ ಇಳಿದರೆ, ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಹಳ್ಳದ ಪಾತ್ರ ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಿ, ಹಳ್ಳದ ಗುಂಟ ಕೆಳಗೆ ಓಡಬೇಡಿ.

ಕೊನೆಗೆ, ನೆರೆ ಬಂದಾಗ ಜನರನ್ನು ಕಳಿಸುವ ಆ "ಸುರಕ್ಷಿತ ಕೇಂದ್ರ". ಅದರ ನೆಲ ಹಳೇ ನೆರೆಯ ಗೆರೆಗಿಂತ ಮೇಲಿದೆಯೇ? ಮೇಲಿದ್ದರೂ, ಅಲ್ಲಿಗೆ ಹೋಗುವ ದಾರಿಯ ಅತಿ ತಗ್ಗಿನ ಮೋರಿ ಯಾವುದು, ಹೊಳೆ ಎಷ್ಟು ಏರಿದಾಗ ಅದು ಮುಳುಗುತ್ತದೆ? ಆ ಮಟ್ಟವನ್ನು ಸೇತುವೆ ಕಂಬಕ್ಕೆ ಕೆಂಪು ಬಣ್ಣದಲ್ಲಿ ಬಳಿಯಿರಿ. ಜನರನ್ನು ಹೊರಡಿಸುವ ಗುರುತು ಅದಕ್ಕಿಂತ ಸಾಕಷ್ಟು ಕೆಳಗಿರಲಿ. ಎಷ್ಟು ಕೆಳಗೆ ಅನ್ನೋದು ನೀರೇರುವ ವೇಗ ಮತ್ತು ಅತಿ ನಿಧಾನ ನಡೆಯುವವರಿಗೆ ಬೇಕಾದ ಸಮಯದ ಮೇಲೆ.