ಹೆಜ್ಜೆ ಐತಿ, ಡಬ್ಬಿ ಇಲ್ರಿ!

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ರಸ್ತೆ ತುಂಬ ಹಸಿರು ಹೆಜ್ಜೆಗಳು. ಕಿರಾಣಿ ಅಂಗಡಿ ಕಟ್ಟೆಯಿಂದ ಲೈಟಿನ ಕಂಬದ ತನಕ, ಎಣಿಸಿ ಹದಿನಾಲ್ಕು. ಗೋಕುಲಾಷ್ಟಮಿ ಇಷ್ಟು ಲಗೂ ಬಂತೇನು ಎಂದು ಎದುರು ಮನೆ ಕಾಕೂ ಕ್ಯಾಲೆಂಡರ್ ನೋಡಿದರು. ಕೃಷ್ಣನ ಪಾದ ಇಷ್ಟು ದೊಡ್ಡದಿರುವುದಿಲ್ಲ, ಇದ್ದರೂ ಮನೆಯೊಳಗೆ ಬರುತ್ತದೆಯೇ ಹೊರತು ಕಂಬದ ಕಡೆ ಹೋಗುವುದಿಲ್ಲ ಎಂದು ಆಮೇಲೆ ಅವರೇ ತೀರ್ಮಾನಿಸಿದರು.

ಕಂಬದ ಬುಡದಲ್ಲಿ ಒಂದು ನೀಲಿ ಕಸದ ಡಬ್ಬಿ ನಿಂತಿತ್ತು. ಹೊಚ್ಚ ಹೊಸದು. ಮುಚ್ಚಳ ಬೇರೆ.

ಇದು ವರ್ತನಾ ವಿಜ್ಞಾನ ಎಂದರು ಬಣ್ಣ ಹಚ್ಚಿಸಲು ಬಂದಿದ್ದ ಸಾಹೇಬರು. ಯಾವ ಕಚೇರಿಯವರು ಎಂದು ಬರೆಯುವುದಿಲ್ಲ. ಅವರ ಊಟ ಉಂಡಿದ್ದೇನೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹೀಗೇ ಹಸಿರು ಹೆಜ್ಜೆ ಬಿಡಿಸಿ, ದಾರಿಹೋಕರಿಗೆ ಮಿಠಾಯಿ ಹಂಚಿ ನೋಡಿದ್ದರಂತೆ. ಬೀದಿಗೆ ಬಿದ್ದ ಮಿಠಾಯಿ ಕಾಗದ ಶೇ. 46ರಷ್ಟು ಕಡಿಮೆಯಾಯಿತಂತೆ. ಬೈಯುವುದು ಬೇಡ, ದಂಡ ಬೇಡ. ಮೊಣಕೈಯಿಂದ ಮೆಲ್ಲಗೆ ತಿವಿದರೆ ಸಾಕು, ಮನುಷ್ಯ ತಾನಾಗಿ ಸರಿಹೋಗುತ್ತಾನೆ. ಇದಕ್ಕೆ ನಡ್ಜ್ ಎನ್ನುತ್ತಾರೆ. ಸಂಜೆ ಆರು ಗಂಟೆಗೆ ಧಾರವಾಡದ ಚಿಗರಿ ಬಸ್ಸು ಹತ್ತಿದವರಿಗೆ ತಿವಿತದ ಶಕ್ತಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಹತ್ತುವ ಮನಸ್ಸಿಲ್ಲದವನೂ ಒಳಗಿರುತ್ತಾನೆ.

ಡಬ್ಬಿ ಹನ್ನೊಂದು ದಿನ ಇತ್ತು. ಹನ್ನೆರಡನೇ ದಿನ ಇರಲಿಲ್ಲ. ಕಳ್ಳತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೆ ಎಂದು ಕಾದು ಕೂರುವ ಓಣಿಯಲ್ಲಿ ಮುಚ್ಚಳವಿರುವ ದೊಡ್ಡ ಡಬ್ಬಿ ಬೀದಿಗಿಟ್ಟರೆ ಅದೂ ಒಂದು ತಿವಿತವೇ ಅಲ್ವಾ? ಯಾರೋ ತಿವಿಸಿಕೊಂಡರು.

ತಮಾಷೆ ಶುರುವಾಗಿದ್ದು ಆಮೇಲೆ. ನಮ್ಮ ಜನ ಹೆಜ್ಜೆ ಬಿಡಲಿಲ್ಲ. ಹದಿನಾಲ್ಕೂ ಹೆಜ್ಜೆ ತುಳಿದು ಹೋಗಿ, ಹೆಜ್ಜೆ ಮುಗಿದಲ್ಲಿ ಕಸ ಸುರಿದು ಬಂದರು. ವಾರದಲ್ಲಿ ಕಂಬ ಮೊಣಕಾಲಿನ ತನಕ ಮುಳುಗಿತು. ಸಾಹೇಬರು ಬಂದು ಫೋಟೋ ತೆಗೆದುಕೊಂಡರು. ಮುಖದಲ್ಲಿ ಸಂತೋಷ. "ನೋಡ್ರಿ, ಮೊದಲ ಓಣಿ ತುಂಬ ಕಸ ಇತ್ತು. ಈಗ ಒಂದ ಕಡೆ ಐತಿ. ವರ್ತನೆ ಬದಲಾತು!"

ಅವರದೇ ತರಬೇತಿ ಶಿಬಿರಕ್ಕೆ ನನ್ನನ್ನೂ ಕರೆದಿದ್ದರು. ಸಭಾಂಗಣ ಮೂರನೇ ಮಹಡಿಯಲ್ಲಿ. ಪ್ರತಿ ಮೆಟ್ಟಿಲಿಗೂ 'ಹತ್ತಿರಿ, ಕ್ಯಾಲೊರಿ ಕರಗಿಸಿರಿ' ಎಂಬ ಚೀಟಿ. ನೂರಕ್ಕೆ ನೂರು ಜನ ಹತ್ತಿದೆವು. ಲಿಫ್ಟು ಕೆಟ್ಟು ಬಹಳ ದಿನವಾಗಿತ್ತು. ಮೊದಲ ವಿಷಯ ಸಕ್ಕರೆ ಕಾಯಿಲೆ ತಡೆಗಟ್ಟುವುದು. ಹನ್ನೊಂದು ಗಂಟೆಗೆ ಮಿರ್ಚಿ, ಗಿರ್ಮಿಟ್ ಮತ್ತು ತಲೆಗೆ ಎರಡು ಧಾರವಾಡ ಪೇಢೆ.

ಪರದೆಯ ಮೇಲೆ ಆಮ್‌ಸ್ಟರ್‌ಡ್ಯಾಂ ವಿಮಾನ ನಿಲ್ದಾಣದ ಗಂಡಸರ ಮೂತ್ರಿ ಬಂತು. ಬೇಸಿನ್ನಿನೊಳಗೆ ಒಂದು ನೊಣದ ಚಿತ್ರ. ಗಂಡಸರು ಅದಕ್ಕೆ ಗುರಿಯಿಡುತ್ತಾರೆ, ನೆಲ ಒಣಗಿರುತ್ತದೆ. ಇಂಥ ವಿಚಾರಗಳನ್ನು ಜಗತ್ತಿಗೆ ಹಬ್ಬಿಸಿದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮಲ್ಲಿ ಎಷ್ಟೋ ವರ್ಷಗಳಿಂದ ಕಂಪೌಂಡ್ ಗೋಡೆಗೆ ದೇವರ ಟೈಲ್ಸ್ ಹಚ್ಚುತ್ತಿದ್ದೇವೆ. ಗಣಪತಿ, ಏಸು, ಮೆಕ್ಕಾ, ಸಾಯಿಬಾಬಾ ಪಕ್ಕಪಕ್ಕದಲ್ಲಿ. ಇವರೆಲ್ಲ ಜಗಳವಿಲ್ಲದೆ ಒಂದೇ ಸಾಲಿನಲ್ಲಿ ನಿಲ್ಲುವುದು ಈಗ ಅಲ್ಲಿ ಮಾತ್ರ. ಆ ಮೇಸ್ತ್ರಿಗೆ ಯಾವ ನೊಬೆಲ್ಲೂ ಬರಲಿಲ್ಲ.

ನಂತರ ಬೇಳೆ ಬಂತು. ಇದು ನಿಜಕ್ಕೂ ದೊಡ್ಡ ಪ್ರಯೋಗ, ನಗುವಂಥದ್ದಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಾಡಿದ್ದು. ಫಲಿತಾಂಶ ಅಚ್ಚಾಗಿದ್ದು 2010ರಲ್ಲಿ. ಮಗುವಿಗೆ ಲಸಿಕೆ ಹಾಕಿಸಿದರೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದರೆ ಊಟದ ತಟ್ಟೆಗಳು. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ. 6. ಬೇಳೆ ಕೊಟ್ಟ ಕಡೆ ಶೇ. 39. ಸಭೆ ಚಪ್ಪಾಳೆ ಹೊಡೆಯಿತು. ಬೇಳೆಯ ಟೆಂಡರ್ ಯಾವಾಗ ಎಂದು ಹಿಂದಿನಿಂದ ಒಬ್ಬರು ಕೇಳಿಯೂ ಬಿಟ್ಟರು.

ನಡುವೆ ಇನ್ನೊಂದು ಅಂಕಿ ಇತ್ತು. ಸಾಹೇಬರು ಅದನ್ನು ಸರ್ರನೆ ದಾಟಿಸಿದರು. ಬೇಳೆಯಿಲ್ಲ, ತಟ್ಟೆಯಿಲ್ಲ, ತಿಂಗಳಿಗೊಂದು ಕ್ಯಾಂಪ್ ಮಾತ್ರ ತಪ್ಪದೆ ನಡೆದ ಹಳ್ಳಿಗಳಲ್ಲಿ ಶೇ. 18. ಅಂದರೆ ಹೇಳಿದ ದಿನ ಸಿಸ್ಟರ್ ಬಂದು ಕೂತಿದ್ದಕ್ಕೇ ಮೂರು ಪಟ್ಟು. ಬೇಳೆ ತೋರಿಸಿ ತಾಯಂದಿರನ್ನು ಯಾರೂ ತಿವಿದಿರಲಿಲ್ಲ. ಬಾಗಿಲು ತೆರೆದಿತ್ತು, ಅಷ್ಟೇ.

ನನ್ನ ಪಕ್ಕದಲ್ಲೇ ಹಳ್ಳಿ ಕಡೆಯ ಮೂವರು ಸಿಸ್ಟರ್ ಕೂತಿದ್ದರು. ನಿಮ್ಮ ಕಡೆ ಕ್ಯಾಂಪ್ ಹೇಗೆ ನಡೆಯುತ್ತದೆ ಎಂದು ಮೆಲ್ಲಗೆ ಕೇಳಿದೆ. "ಇವತ್ತ ಇತ್ರೀ ಸರ," ಎಂದರು ಒಬ್ಬರು. "ಟ್ರೇನಿಂಗಿಗೆ ಬರಾಕಬೇಕು ಅಂತ ಆರ್ಡರ್ ಬಂತು."

ಥೇಲರ್ 2018ರಲ್ಲಿ ಇನ್ನೊಂದು ಮಾತೂ ಬರೆದಿದ್ದಾರೆ. ಜನರ ಕೆಲಸ ಸಲೀಸು ಮಾಡುವುದು ತಿವಿತವಾದರೆ, ಬೇಕೆಂದೇ ತೊಡಕು ಒಡ್ಡುವುದು ಕೆಸರು. ಮೂರು ಝೆರಾಕ್ಸ್, ಸರ್ವರ್ ಡೌನ್, ನಾಳೆ ಬಾ, ಊಟದ ಹೊತ್ತು. ಆ ಸ್ಲೈಡ್ ಬರುವ ಮೊದಲೇ ನಮ್ಮದೂ ಊಟದ ಹೊತ್ತಾಯಿತು.

ಡಬ್ಬಿಯ ಕಥೆಗೆ ಬರುತ್ತೇನೆ. ಓಣಿಯವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಇನ್ನೊಂದು ಡಬ್ಬಿ ಇಡಿಸಿರಿ, ಸರಪಳಿ ಹಾಕಿ ಕಂಬಕ್ಕೆ ಬಿಗಿಯಿರಿ. ಸಾಹೇಬರು ಬಹಳ ನೊಂದುಕೊಂಡು ವಿವರಿಸಿದರು. ಡಬ್ಬಿ ಸಾಮಗ್ರಿ ಖರೀದಿಯ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ದುಡ್ಡಿಲ್ಲ. ವರ್ತನೆ ಬದಲಾವಣೆಯ ಲೆಕ್ಕದಲ್ಲಿ ಬೇಕಾದಷ್ಟಿದೆ, ಮಾರ್ಚ್ ಒಳಗೆ ಖರ್ಚಾಗಬೇಕು. ಆದರೆ ಅದರಲ್ಲಿ ಬಣ್ಣ ಮಾತ್ರ ಕೊಳ್ಳಬಹುದು.

ಮಾರ್ಚ್ ಕೊನೆಯ ವಾರ ಇಬ್ಬರು ಪೇಂಟರ್ ಬಂದರು. ಎರಡು ದಿನ ಕೂತು ಕಂಬದ ಹಿಂದಿನ ಗೋಡೆಗೆ ನೀಲಿ ಡಬ್ಬಿಯ ಚಿತ್ರ ಬಿಡಿಸಿದರು. ಸುಳ್ಳು ಹೇಳಬಾರದು, ಭಾಳ ಚಂದ ಬಿಡಿಸಿದ್ದಾರೆ. ನೆರಳು ಕೂಡ ಹಾಕಿದ್ದಾರೆ. ಸಂಜೆಯ ಬೆಳಕಿನಲ್ಲಿ ದೂರದಿಂದ ನೋಡಿದರೆ ನಿಜವಾದ ಡಬ್ಬಿಯೇ.

ನಿನ್ನೆ ಸಂಜೆ ಕಾಕೂ ಹಸಿರು ಹೆಜ್ಜೆ ಹಿಡಿದು ಕಸದ ಚೀಲದೊಂದಿಗೆ ಹೋದರು. ಚಿತ್ರದ ಮುಂದೆ ನಿಂತು ಬಗ್ಗಿ ನೋಡಿದರು. ಆಮೇಲೆ ತಿರುಗಿ ನನ್ನನ್ನು ಕೂಗಿದರು.

"ತಮ್ಮಾ, ಇದರ ಮುಚ್ಚಳಾ ತಗಿಯೂದು ಹ್ಯಾಂಗೋ?"