ಬೆಂಚು ತಿರುಗಿಸಿ ಫೋಟೋ ತೆಗೆದ್ರೆ ಕ್ಲಾಸ್ ಫ್ಲಿಪ್ ಆಗ್ತದಾ?

ಮಂಡೆ ಬಿಸಿಯಾಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಪುರುಸೊತ್ತಿಲ್ಲದವ್ರು ದಾಟಿ ಹೋಗಿ, ಬೇಜಾರಿಲ್ಲ.

ಮೊನ್ನೆ ಮುಂಬೈ ಲೋಕಲ್ ಟ್ರೇನಿನ ಸೆಂಟ್ರಲ್ ಲೈನಿನ ಒಂದು ಕಾಲೇಜಿಗೆ (ಹೆಸ್ರು ಕೇಳ್ಬೇಡಿ, ನಾಳೆ ಅವ್ರ ಮುಖ ನೋಡ್ಲಿಕ್ಕುಂಟು) ಅಕಾಡೆಮಿಕ್ ಆಡಿಟ್ ಅಂತ ಕರ್ದಿದ್ರು, ಹೊರಗಿನವ್ರು ಇಬ್ರು ಬೇಕಂತೆ, ಅದ್ರಲ್ಲಿ ನಾನೊಬ್ಳು. ಪ್ರಿನ್ಸಿಪಾಲ್ರು ಭಾರೀ ಹೆಮ್ಮೆಯಿಂದ ನಮ್ದು ಈಗ ಪೂರ್ತಿ ಫ್ಲಿಪ್ಡ್ ಕ್ಲಾಸ್‌ರೂಮ್ ಮ್ಯಾಡಮ್, ಸ್ಟೂಡೆಂಟ್ ಸೆಂಟ್ರಿಕ್, ಬನ್ನಿ ನೋಡಿ ಅಂತ ಒಂದು ಬಿಕಾಂ ಕ್ಲಾಸಿಗೆ ಕರ್ಕೊಂಡು ಹೋದ್ರು. ನೋಡಿದ್ರೆ ಹೌದು ಮಾರಾಯ್ರೆ, ಬೆಂಚೆಲ್ಲ ಎದುರುಬದುರು, ಆರಾರು ಜನರ ಗುಂಪು, ಗುಂಪಿಗೊಂದು ಚಾರ್ಟ್ ಪೇಪರ್, ಬಣ್ಣಬಣ್ಣದ ಸ್ಕೆಚ್ ಪೆನ್. ಒಬ್ಬ ಪ್ಯೂನ್ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕ್ಕೊಂಡು ಅಕ್ಷಾಂಶ ರೇಖಾಂಶ ತಾರೀಕು ಎಲ್ಲ ಬರೋ ಹಾಗೆ ನಾಲ್ಕೂ ಮೂಲೆಯಿಂದ ಫೋಟೋ ತೆಗೀತಾ ಇದ್ದ. ನಾವು ತಲೆ ಆಡಿಸಿ ಸ್ಟಾಫ್‌ರೂಮಿಗೆ ಚಾ ಕುಡೀಲಿಕ್ಕೆ ಹೋದ್ವಿ. ಅಲ್ಲಿ ನೋಡಿದ್ರೆ ನನ್ನ ಕನ್ನಡಕ ಇಲ್ಲ, ಕ್ಲಾಸಲ್ಲೇ ಬಿಟ್ಟು ಬಂದಿದ್ದೆ. ವಾಪಸ್ ಹೋಗಿ ಬಾಗಿಲು ತೆಗೆದ್ರೆ ಬೆಂಚೆಲ್ಲ ಮೊದಲಿನ ಹಾಗೆ ಸಾಲಾಗಿ ನಿಂತಿದೆ, ಚಾರ್ಟ್ ಪೇಪರ್ ಸುರುಳಿ ಸುತ್ತಿ ಕಪಾಟಿನ ಮೇಲೆ, ಮೇಷ್ಟ್ರು ಡಯಾಸಿನ ಮೇಲೆ ನಿಂತು 'ಡಿಮಾಂಡ್ ಈಸ್ ಸೆಡ್ ಟು ಬಿ ಇಲಾಸ್ಟಿಕ್' ಅಂತ ನಿಧಾನಕ್ಕೆ ನೋಟ್ಸ್ ಬರೆಸ್ತಾ ಇದ್ದಾರೆ! ಎಲೆ ಹಾಕಿ ನೀರು ಚಿಮುಕಿಸಿ, ಇನ್ನು ಕೈ ತೊಳ್ಕೊಂಡು ಹೊರಡಿ ಅಂದ ಹಾಗೆ.

ಆ ಮೇಷ್ಟ್ರ ಮೇಲೆ ನಂಗೆ ಸಿಟ್ಟಿಲ್ಲ, ಪಾಪ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನವ್ರ ಪಟ್ಟಿಯಲ್ಲಿ ವಿದ್ಯಾರ್ಥಿ ಕೇಂದ್ರಿತ ಬೋಧನಾ ವಿಧಾನ ಅಂತ ಒಂದು ಅಂಶ ಉಂಟು, ಅದ್ರ ಕೆಳಗೆ ಏನಾದ್ರೂ ತುಂಬ್ಬೇಕು, ತುಂಬಿದ್ದಕ್ಕೆ ಸಾಕ್ಷಿ ಬೇಕು, ಸಾಕ್ಷಿ ಅಂದ್ರೆ ಫೋಟೋ. ಹೊಸ ಶಿಕ್ಷಣ ನೀತಿ, ಎನ್‌ಇಪಿ 2020, ಬಂದ ಮೇಲಂತೂ ಪ್ರತಿ ಮೀಟಿಂಗಲ್ಲೂ ಇದೇ ಮಂತ್ರ. ಸರಿ, ಮಂತ್ರ ಹೇಳಿ, ನಂದೇನು ತಕರಾರಿಲ್ಲ, ಆದ್ರೆ ಈ ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನೋದ್ರ ಅರ್ಥ ಒಂದ್ಸಲ ಆದ್ರೂ ಯಾರಾದ್ರೂ ಯೋಚಿಸಿದ್ದೀರಾ? ಪಾಠ ಮನೆಯಲ್ಲಿ ಕೇಳಿಕೊಂಡು ಬರ್ಲಿ, ಕ್ಲಾಸಲ್ಲಿ ಕೂತು ಅದ್ರ ಮೇಲೆ ಕೆಲಸ ಮಾಡ್ಲಿ, ಎಡವಿದಲ್ಲಿ ಮೇಷ್ಟ್ರು ಪಕ್ಕದಲ್ಲಿ ಇರ್ಲಿ. ಇಷ್ಟೇ. ಅಂದ್ರೆ ಬದಲಾಗ್ಬೇಕಾದದ್ದು ಕ್ಲಾಸಿನೊಳಗಿನ ಆ ಒಂದು ಪೀರಿಯಡ್. ನಾವು ಅದೊಂದನ್ನು ಬಿಟ್ಟು ಬಾಕಿ ಎಲ್ಲ ಬದಲಾಯಿಸಿದ್ದೇವೆ. ಸ್ಟುಡಿಯೋ ಕಟ್ಟಿಸಿದ್ದೇವೆ, ರಿಂಗ್ ಲೈಟ್ ತಂದಿದ್ದೇವೆ, ಯೂಟ್ಯೂಬ್ ಚಾನೆಲ್ ಮಾಡಿದ್ದೇವೆ, ಸ್ಮಾರ್ಟ್ ಬೋರ್ಡಿಗೆ ರಿಬ್ಬನ್ ಕಟ್ ಮಾಡಿದ್ದೇವೆ. ಪೀರಿಯಡ್ ಮಾತ್ರ ನನ್ನ ಅಪ್ಪನ ಕಾಲದಲ್ಲಿ ಹೇಗಿತ್ತೋ ಹಾಗೇ ಉಂಟು.

ತಮಾಷೆ ಏನು ಗೊತ್ತುಂಟಾ, ಇದನ್ನು ಶುರು ಮಾಡಿದವ್ರಿಗೆ ವಿಡಿಯೋ ದೊಡ್ಡ ವಿಷಯವೇ ಆಗಿರ್ಲಿಲ್ಲ. 2007ರಲ್ಲಿ ಅಮೆರಿಕದ ಕೊಲರಾಡೋದ ವುಡ್‌ಲ್ಯಾಂಡ್ ಪಾರ್ಕ್ ಅನ್ನೋ ಸಣ್ಣ ಊರಿನ ಹೈಸ್ಕೂಲಿನ ಇಬ್ರು ಕೆಮಿಸ್ಟ್ರಿ ಮೇಷ್ಟ್ರು, ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್, ಆಟೋಟ ಅಂತ ಊರೂರು ತಿರುಗಿ ಕ್ಲಾಸ್ ತಪ್ಪಿಸಿಕೊಳ್ಳೋ ಮಕ್ಕಳಿಗೋಸ್ಕರ ಪಾಠ ರೆಕಾರ್ಡ್ ಮಾಡಿದ್ರು, ಆಮೇಲೆ ಅವ್ರಿಗೇ ಹೊಳೀತು, ಪಾಠ ವಿಡಿಯೋದಲ್ಲಿ ಇದ್ದ ಮೇಲೆ ಕ್ಲಾಸಲ್ಲಿ ಮತ್ತೆ ಅದನ್ನೇ ಯಾಕೆ ಹೇಳ್ಬೇಕು, ಮಕ್ಕಳು ಎದುರಿಗೆ ಇರೋ ಹೊತ್ತನ್ನು ಬೇರೆ ಎಂತದಕ್ಕೆ ಬಳಸ್ಬಹುದು ಅಂತ. ಆ ಪ್ರಶ್ನೆಯೇ ಮುಖ್ಯ ಅಂತ ಅವ್ರು ಆಮೇಲೆ ಪುಸ್ತಕ ಬರೆದು ಹೇಳಿದ್ರು. ಅವ್ರಿಗಿಂತ ಮುಂಚೆ, 2000ರಲ್ಲೇ, ಓಹಾಯೋದ ಮಯಾಮಿ ಯೂನಿವರ್ಸಿಟಿಯಲ್ಲಿ ನಮ್ಮ ಎಕನಾಮಿಕ್ಸ್‌ನವ್ರೇ ಮೂರು ಜನ (ನಮ್ಮವ್ರು ಅಂತ ಹೇಳ್ಳಿಕ್ಕೆ ಖುಷಿ ನಂಗೆ) ವಿಸಿಆರ್ ಟೇಪಲ್ಲಿ ಪಾಠ ಹಾಕಿ ಕ್ಲಾಸನ್ನು ಪ್ರಯೋಗ, ಚರ್ಚೆ, ಲೆಕ್ಕಕ್ಕೆ ಇಟ್ಟುಕೊಂಡಿದ್ರು. ವಿಸಿಆರ್ ಟೇಪ್! ಯಾವ ಸ್ಟುಡಿಯೋ, ಯಾವ ರಿಂಗ್ ಲೈಟ್?

ಇನ್ನೂ ಹಿಂದೆ ಹೋದ್ರೆ ಹಾರ್ವರ್ಡ್‌ನ ಎರಿಕ್ ಮಝೂರ್. ಫಿಸಿಕ್ಸ್ ಮೇಷ್ಟ್ರು, ಒಳ್ಳೆ ಲೆಕ್ಚರರ್ ಅಂತ ಹೆಸರು, ಹುಡುಗರು ಕೊಡೋ ಫೀಡ್‌ಬ್ಯಾಕೂ ಚೆನ್ನಾಗಿತ್ತು. ಒಮ್ಮೆ ಚಲನೆ, ಬಲ ಇತ್ಯಾದಿ ಬಗ್ಗೆ ತುಂಬಾ ಸರಳವಾದ ಒಂದು ಪರೀಕ್ಷೆ ಕೊಟ್ರೆ ಒಬ್ಳು ಹುಡುಗಿ ಎದ್ದು ಕೇಳಿದ್ಳಂತೆ, ಸರ್ ಇದಕ್ಕೆ ನೀವು ಕಲಿಸಿದ ಹಾಗೆ ಉತ್ತರ ಬರೀಬೇಕಾ, ನಾನು ಮಾಮೂಲಿ ಯೋಚನೆ ಮಾಡೋ ಹಾಗೆ ಬರೀಬೇಕಾ ಅಂತ. ಈ ಒಂದು ಪ್ರಶ್ನೆ ಕೇಳಿದ್ರೆ ನಂಗೆ ಈಗ್ಲೂ ಹೊಟ್ಟೆಯಲ್ಲಿ ಎಂತದೋ ಆಗ್ತದೆ, ಯಾಕಂದ್ರೆ ನಮ್ಮ ಹುಡುಗರೂ ಎರಡು ತಲೆ ಇಟ್ಟುಕೊಂಡೇ ಓಡಾಡುದು, ಒಂದು ಪೇಪರಿಗೆ ಒಂದು ಬದುಕಿಗೆ, ವ್ಯತ್ಯಾಸ ಅಂದ್ರೆ ನಮ್ಮವ್ರು ಎದ್ದು ಕೇಳುದಿಲ್ಲ. ಮಝೂರ್ ಮಾಡಿದ್ದೇನು? 1991ರಿಂದ ಲೆಕ್ಚರ್ ಕಮ್ಮಿ ಮಾಡಿ ಓದಿಕೊಂಡು ಬನ್ನಿ ಅಂದ್ರು. ಕ್ಲಾಸಲ್ಲಿ ಒಂದು ಪ್ರಶ್ನೆ ಹಾಕುದು, ಪ್ರತಿಯೊಬ್ರೂ ತಮ್ಮಷ್ಟಕ್ಕೆ ಉತ್ತರ ಆರಿಸುದು, 30ರಿಂದ 70 ಶೇಕಡಾ ಜನ ಸರಿ ಇದ್ರೆ ಪಕ್ಕದವ್ರ ಜೊತೆ ಜಗಳ ಆಡ್ಲಿಕ್ಕೆ ಬಿಡುದು, ಮತ್ತೆ ಇನ್ನೊಮ್ಮೆ ಉತ್ತರ ಕೇಳುದು. ಇದಕ್ಕೆ ಕರೆಂಟೂ ಬೇಡ.

ನಾನು ಮಾಡುದೂ ಇದನ್ನೇ. ನೂರಿಪ್ಪತ್ತು ಹುಡುಗರ ಡಿವಿಜನ್, ನೆಲಕ್ಕೆ ಬೋಲ್ಟ್ ಹಾಕಿದ ಬೆಂಚು, ಫ್ಯಾನಿನ ಸದ್ದು, ಹೊರಗೆ ಮೆಟ್ರೋ ಕೆಲಸದ ಸದ್ದು. ಇಲಾಸ್ಟಿಸಿಟಿ (ರೇಟ್ ಬದಲಾದ್ರೆ ಬೇಡಿಕೆ ಎಷ್ಟು ಬದಲಾಗ್ತದೆ ಅನ್ನೋದು) ಬಗ್ಗೆ ಸಣ್ಣ ಒಂದು ವಿಡಿಯೋ, ನನ್ನದೂ ಅಲ್ಲ, ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು, ಹಿಂದಿನ ದಿನ ವಾಟ್ಸ್‌ಆ್ಯಪಲ್ಲಿ ಹಾಕ್ತೇನೆ. ಕ್ಲಾಸಲ್ಲಿ ಒಂದೇ ಪ್ರಶ್ನೆ: ಈ ವರ್ಷ ನಾಸಿಕದಲ್ಲಿ ಈರುಳ್ಳಿ ಬೆಳೆ ಭರ್ತಿ ಬಂತು ಅಂತ ಇಟ್ಕೊಳ್ಳಿ, ಲಾಸಲ್‌ಗಾಂವ್ ಮಂಡಿಗೆ ಬರೋ ರೈತನ ಕೈಗೆ ದುಡ್ಡು ಜಾಸ್ತಿ ಬರ್ತದಾ ಕಮ್ಮಿ ಬರ್ತದಾ? ಕೈ ಎತ್ತಿ ಅಂದ್ರೆ ಮುಕ್ಕಾಲು ಕ್ಲಾಸ್ ಜಾಸ್ತಿ ಅಂತದೆ, ಬೆಳೆ ಜಾಸ್ತಿ ಅಂದ್ರೆ ದುಡ್ಡು ಜಾಸ್ತಿ ಅಲ್ವಾ. (ಮಝೂರ್ ಲೆಕ್ಕದಲ್ಲಿ ಸರಿ ಉತ್ತರ ಇಷ್ಟು ಕಮ್ಮಿ ಇದ್ರೆ ಮೇಷ್ಟ್ರು ಮತ್ತೆ ವಿವರಿಸ್ಬೇಕು. ಇರ್ಲಿ, ನಾನು ಜಗಳಕ್ಕೇ ಬಿಡುದು.) ಆಗ ಹಿಂದಿನ ಬೆಂಚಿಂದ ಒಬ್ಬ, ಯಾವಾಗ್ಲೂ ಬಾಯಿ ಬಿಡದವ, ಇಲ್ಲ ಮ್ಯಾಮ್ ನಮ್ಮ ಕಾಕಾ ಬೆಳೆ ಜಾಸ್ತಿ ಬಂದ ವರ್ಷ ಈರುಳ್ಳಿ ರಸ್ತೆಗೆ ಸುರಿದು ಬಂದಿದ್ರು ಅಂದ. ಯಾಕೆ ಸುರಿದ್ರು? ಹಾಗೆ ಶುರು. ನೂರು ಕ್ವಿಂಟಾಲ್ 2000 ರೂಪಾಯಿಯಂತೆ ಹೋಗುದು ಎಷ್ಟು, ಎರಡು ಲಕ್ಷ. ನೂರಿಪ್ಪತ್ತು ಕ್ವಿಂಟಾಲ್ ಬಂದು ರೇಟ್ ಸಾವಿರಕ್ಕೆ ಬಿದ್ರೆ, ಒಂದು ಲಕ್ಷದ ಇಪ್ಪತ್ತು ಸಾವಿರ. ಈರುಳ್ಳಿ ಅಗ್ಗ ಆಯ್ತು ಅಂತ ನಿಮ್ಮ ಮನೆಯಲ್ಲಿ ದಿನಾ ಡಬಲ್ ಈರುಳ್ಳಿ ತಿಂತೀರಾ? ಇಲ್ಲ. ಅದೇ ನೋಡಿ ಇನ್‌ಇಲಾಸ್ಟಿಕ್. ಆಮೇಲೆ ಅವ್ರೇ 2023 ಡಿಸೆಂಬರಿನ ಈರುಳ್ಳಿ ರಫ್ತು ನಿಷೇಧಕ್ಕೆ ಹೋದ್ರು, ಯಾರಿಗೆ ಲಾಭ ಯಾರಿಗೆ ನಷ್ಟ ಅಂತ ಎರಡು ಪಾರ್ಟಿ ಆಗಿ ಬೊಬ್ಬೆ. ಬೆಲ್ ಹೊಡೆದದ್ದೇ ಗೊತ್ತಾಗ್ಲಿಲ್ಲ. ಬೆಂಚು ಒಂದಿಂಚೂ ಅಲುಗಾಡ್ಲಿಲ್ಲ, ಫೋಟೋ ಯಾರೂ ತೆಗೀಲಿಲ್ಲ, ಹಾಗಾಗಿ ದಾಖಲೆ ಪ್ರಕಾರ ಆ ದಿನ ನಮ್ಮಲ್ಲಿ ಸ್ಟೂಡೆಂಟ್ ಸೆಂಟ್ರಿಕ್ ಎಂತದೂ ನಡೀಲಿಲ್ಲ.

ಈಗ ಬರ್ತದೆ ಸ್ಟಾಫ್‌ರೂಮಿನ ಮಾಮೂಲಿ ಡೈಲಾಗ್, 'ನಮ್ಮ ಹುಡುಗ್ರು ವಿಡಿಯೋ ನೋಡುದೇ ಇಲ್ಲ ಮ್ಯಾಡಮ್'. ನೋಡುದಿಲ್ಲ ಹೌದು. ಯಾಕೆ ನೋಡ್ಬೇಕು? ವಿಡಿಯೋದಲ್ಲಿ ಇದ್ದದ್ದನ್ನೇ ಮರುದಿನ ನೀವು ಕ್ಲಾಸಲ್ಲಿ ಮೊದಲಿಂದ ಹೇಳ್ತೀರಿ, ನೋಡದವ್ನಿಗೂ ನಷ್ಟ ಇಲ್ಲ, ನೋಡಿದವ್ನೇ ಬೆಪ್ಪ. ನನ್ನ ಹುಡುಗರು ಭಾರೀ ಲೆಕ್ಕಾಚಾರದವ್ರು, ಕಾಮರ್ಸ್ ಅಲ್ವಾ. ನೋಡದೆ ಬಂದ್ರೆ ಕ್ಲಾಸಲ್ಲಿ ಪಕ್ಕದವ್ಳ ಎದುರು ಮುಖ ಹೋಗ್ತದೆ ಅಂತ ಗೊತ್ತಾದ ಮೇಲೆ ವಿರಾರ್ ಫಾಸ್ಟಲ್ಲಿ ನಿಂತುಕೊಂಡೇ ನೋಡ್ತಾರೆ. ಮನೆಯಲ್ಲಿ ಜಾಗ ಇಲ್ಲ, ಡೇಟಾ ಇಲ್ಲ ಅನ್ನೋದು ಮಾತ್ರ ಸುಳ್ಳಲ್ಲ, ಹತ್ತು ಬೈ ಹತ್ತರ ಖೋಲಿಯಲ್ಲಿ ಐದು ಜನ ಇರೋ ಮನೆಯ ಮಕ್ಕಳು ನನ್ನ ಕ್ಲಾಸಲ್ಲೂ ಇದ್ದಾರೆ. ಆದ್ರೆ ಅದಕ್ಕೆ ಎರಡು ಪುಟದ ಝೆರಾಕ್ಸ್ ಸಾಕು ಮಾರಾಯ್ರೆ, ಓದಿಕೊಂಡು ಬರ್ಲಿ. ವಿಡಿಯೋನೇ ಆಗ್ಬೇಕು ಅಂತ ಯಾರು ಹೇಳಿದ್ದು? ಬಡ ಮಕ್ಕಳ ನೆನಪು ಇವ್ರಿಗೆ ಆಗುದು ಪಾಠದ ಕ್ರಮ ಬದಲಿಸಿ ಅಂದಾಗ ಮಾತ್ರ, ಫೀಸ್ ಏರಿಸುವಾಗ ಆಗುದಿಲ್ಲ.

ನಿಜವಾದ ತೊಂದ್ರೆ ಬೇರೆ ಉಂಟು, ಅದನ್ನು ಯಾರೂ ಎತ್ತುದಿಲ್ಲ. ಈ ಮುಂಬೈಯಲ್ಲಿ ಎಷ್ಟು ಕಾಲೇಜುಗಳು ಸಿಎಚ್‌ಬಿ ಮೇಷ್ಟ್ರುಗಳ ಮೇಲೆ ನಿಂತಿವೆ ಅಂತ ನಿಮಗೆಲ್ಲ ಗೊತ್ತು. ಕ್ಲಾಕ್ ಅವರ್ ಬೇಸಿಸ್, ತೆಗೊಂಡ ಲೆಕ್ಚರಿಗೆ ಮಾತ್ರ ದುಡ್ಡು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವೆ ದಾದರ್ ಸ್ಟೇಷನ್ನಿನ ವಡಾಪಾವ್. ಆ ಹುಡುಗನಿಗೋ ಹುಡುಗಿಗೋ ನೀನು ರಾತ್ರಿ ಮನೆಯಲ್ಲಿ ಕೂತು ವಿಡಿಯೋ ಮಾಡು, ಎಡಿಟ್ ಮಾಡು, ಪ್ರಶ್ನೆ ತಯಾರಿ ಮಾಡು, ಆದ್ರೆ ಅದ್ಯಾವುದೂ ಲೆಕ್ಚರ್ ಅಲ್ಲ ಹಾಗಾಗಿ ದುಡ್ಡಿಲ್ಲ ಅಂದ್ರೆ? ಖಾಯಂ ಇದ್ದವ್ರಿಗೂ ಯುಜಿಸಿ ವಾರಕ್ಕೆ ಇಷ್ಟು ಗಂಟೆ ಅಂತ ಲೆಕ್ಕ ಇಡುದು ಕ್ಲಾಸಲ್ಲಿ ನಿಂತದ್ದಕ್ಕೆ. ಒಳ್ಳೆ ಒಂದು ಪ್ರಶ್ನೆ ಹುಡುಕ್ಲಿಕ್ಕೆ ನಂಗೆ ಒಂದು ಇಡೀ ಸಂಜೆ ಹೋಗ್ತದೆ, ಅದು ಯಾವ ರಿಜಿಸ್ಟರಲ್ಲೂ ಇಲ್ಲ. ಅದಕ್ಕೇ ಹೇಳಿದ್ದು, ಆ ಮೇಷ್ಟ್ರ ಮೇಲೆ ಸಿಟ್ಟಿಲ್ಲ ಅಂತ. ಅವ್ರಿಗೆ ಕೊಟ್ಟದ್ದು ಚಾರ್ಟ್ ಪೇಪರ್ ಮಾತ್ರ.

ಇನ್ನೊಂದು ಪಂಗಡ ಉಂಟು, ಲೆಕ್ಚರ್ ಒಂದು ಕಲೆ, ನಮ್ಮ ಕಾಲದ ಪ್ರೊಫೆಸರ್‌ಗಳು ಮಾತಾಡ್ಲಿಕ್ಕೆ ನಿಂತ್ರೆ ಗೋಡೆಗಳೂ ಕೇಳ್ತಾ ಇದ್ವು ಅನ್ನೋರು. ಕಳೆದ ವಾರ ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಒಂದು ಕಾರ್ಯಕ್ರಮದಲ್ಲಿ ಪರಿಚಯದ ಹಿರಿಯರೊಬ್ರು ಇದನ್ನೇ ಹೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದ್ರು. ಸರ್, ನಂಗೂ ಲೆಕ್ಚರ್ ಇಷ್ಟ. ಇಷ್ಟ ಅಂದ್ರೆ ಹುಚ್ಚು. ನೂರಿಪ್ಪತ್ತು ಜೋಡಿ ಕಣ್ಣು ನನ್ನನ್ನೇ ನೋಡ್ತಾ ಇರ್ಬೇಕು, ನಾನು ಅರ್ಥಶಾಸ್ತ್ರಜ್ಞ ಕೇನ್ಸ್ ಬಗ್ಗೆ ಮಾತಾಡ್ತಾ ಇರ್ಬೇಕು, ಅದ್ರಲ್ಲಿ ಸಿಗೋ ಸುಖ ಬೇರೆ ಎಲ್ಲೂ ಸಿಗುದಿಲ್ಲ, ಹುಡುಗರು ತಮ್ಮಷ್ಟಕ್ಕೆ ಚರ್ಚೆ ಮಾಡುವಾಗ ನಾನು ಸುಮ್ನೆ ಬದಿಯಲ್ಲಿ ನಿಂತ್ಕೊಳ್ಳೋದು ನಿಜವಾಗ್ಲೂ ಶಿಕ್ಷೆ ನಂಗೆ. ಆದ್ರೆ ಸುಖ ಪಡ್ತಾ ಇದ್ದದ್ದು ನಾನು, ಕಲೀಬೇಕಾದದ್ದು ಅವ್ರು. ನಮ್ಮ ಕಾಲದ ಲೆಕ್ಚರಲ್ಲಿ ನೀವು ಕಲ್ತಿರಿ ಸರ್, ನೀವು ಮೊದಲ ಬೆಂಚು. ಕೊನೆಯ ಬೆಂಚಿನವ್ರು ಎಲ್ಲಿ ಹೋದ್ರು, ಅವ್ರನ್ನು ಯಾರಾದ್ರೂ ಕಾರ್ಯಕ್ರಮಕ್ಕೆ ಕರ್ದು ಕೇಳಿದ್ದಾರಾ? 2014ರಲ್ಲಿ ಸ್ಕಾಟ್ ಫ್ರೀಮನ್ ಅನ್ನೋರು ಮತ್ತು ಅವ್ರ ಜೊತೆಯವ್ರು ವಿಜ್ಞಾನ, ಇಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ್ದಾರೆ, ಬರೀ ಲೆಕ್ಚರ್ ಇದ್ದಲ್ಲಿ ಫೇಲ್ ಆಗೋರು ಸರಾಸರಿ ಶೇಕಡಾ 33.8, ಹುಡುಗರು ಕ್ಲಾಸಲ್ಲಿ ಕೆಲಸ ಮಾಡುವಲ್ಲಿ 21.8. ಇದ್ರಲ್ಲೂ ಅಳತೆ ಮಾಡಿದ್ದು ವಿಡಿಯೋ ಕಳಿಸಿದ್ದನ್ನಲ್ಲ, ಕ್ಲಾಸಿನೊಳಗೆ ನಡೆದದ್ದನ್ನು. ಎಷ್ಟು ಸಲ ಹೇಳ್ಬೇಕು?

ಹುಡುಗರೂ ಕಮ್ಮಿ ಇಲ್ಲ. 'ಮ್ಯಾಮ್ ಕುಛ್ ಪಢಾತೀ ನಹೀ, ಬಸ್ ಸವಾಲ್ ಪೂಛ್ತೀ ಹೈ' (ಮ್ಯಾಮ್ ಎಂತದೂ ಕಲಿಸುದಿಲ್ಲ, ಬರೀ ಪ್ರಶ್ನೆ ಕೇಳ್ತಾರೆ) ಅಂತ ನನ್ನ ಫೀಡ್‌ಬ್ಯಾಕ್ ಫಾರ್ಮಲ್ಲಿ ಬಂದಿದೆ, ಮಾರ್ಕೂ ಕಡಿದಿದ್ದಾರೆ. ಬೇಜಾರಾಯ್ತಾ? ಆಯ್ತು, ರಾತ್ರಿ ಊಟ ಸೇರ್ಲಿಲ್ಲ. ಆದ್ರೆ 2019ರಲ್ಲಿ ಹಾರ್ವರ್ಡ್ ಫಿಸಿಕ್ಸ್ ಕ್ಲಾಸಲ್ಲಿ ಇದನ್ನೂ ನೋಡಿದ್ದಾರೆ, ಚಂದದ ಲೆಕ್ಚರ್ ಕೇಳಿದ ಹುಡುಗರಿಗೆ ತಾವು ತುಂಬಾ ಕಲ್ತೆವು ಅಂತ ಅನಿಸಿತು, ಒದ್ದಾಡಿ ತಾವೇ ಬಿಡಿಸಿದವ್ರಿಗೆ ಕಮ್ಮಿ ಕಲ್ತೆವು ಅಂತ ಅನಿಸಿತು, ಟೆಸ್ಟ್ ಕೊಟ್ರೆ ಒದ್ದಾಡಿದವ್ರಿಗೇ ಜಾಸ್ತಿ ಮಾರ್ಕ್. ಒದ್ದಾಟ ಯಾರಿಗೂ ಕಲಿಕೆ ಅಂತ ಅನಿಸುದಿಲ್ಲ. ಇದನ್ನು ಪ್ರಿಂಟ್ ತೆಗ್ದು ಪ್ರಿನ್ಸಿಪಾಲ್ರಿಗೆ ಕೊಟ್ಟೆ, ಅವ್ರು ಅದನ್ನು ನ್ಯಾಕ್ ಫೈಲಿಗೆ ಹಾಕಿದ್ರು.

ನನ್ನ ಮಾವ, ಅಮ್ಮನ ಅಣ್ಣ, ಊರಿಂದ ಬಂದು ಹಗಲು ಹೋಟೆಲಲ್ಲಿ ಕೆಲಸ ಮಾಡಿ ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವ್ರು. ಅಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ನಮೂನೆಯ ಹುಡುಗರು, ಕಣ್ಣು ತುಂಬಾ ನಿದ್ದೆ, ಭಾಷಣ ಬಿಗಿದ್ರೆ ಎಲ್ಲ ಗೊರಕೆ, ಹಾಗಾಗಿ ಮೇಷ್ಟ್ರು ಲೆಕ್ಕ ಕೊಟ್ಟು ಬೆಂಚಿಂದ ಬೆಂಚಿಗೆ ಹೋಗ್ತಾ ಇದ್ರಂತೆ. ಎಲ್ಲ ನಮ್ಮಲ್ಲಿ ಮೊದಲೇ ಇತ್ತು ಅಂತ ಹೇಳ್ಳಿಕ್ಕೆ ಹೊರಟದ್ದಲ್ಲ ನಾನು, ಆ ರೋಗ ನಂಗಿಲ್ಲ. ಆ ಮೇಷ್ಟ್ರಿಗೆ ಇದು ಪದ್ಧತಿ ಅಂತಲೂ ಗೊತ್ತಿರ್ಲಿಲ್ಲ, ಇದ್ದ ಒಂದೂವರೆ ಗಂಟೆ ಹೇಗೆ ಕಳೀಬೇಕು ಅನ್ನೋದು ಮಾತ್ರ ಗೊತ್ತಿತ್ತು.

ಪರೀಕ್ಷೆ ಬಗ್ಗೆ ಬರೀಲಿಕ್ಕೆ ಶುರು ಮಾಡಿದ್ರೆ ಇನ್ನೊಂದು ಪೋಸ್ಟ್ ಆಗ್ತದೆ. ಕ್ಲಾಸಲ್ಲಿ ಜಗಳ ಆಡಿ ಕಲ್ತವ್ರಿಗೂ ಕೊನೆಗೆ ಬರುದು 'ಶಾರ್ಟ್ ನೋಟ್ಸ್ ಬರೆಯಿರಿ, ಯಾವುದಾದ್ರೂ ಮೂರು'. ಲಾಸಲ್‌ಗಾಂವಿನ ಕಾಕಾನಿಗೆ ಅದ್ರಲ್ಲಿ ಜಾಗ ಇಲ್ಲ.

ನಮ್ಮ ಗುಂಪಲ್ಲಿ ಎಕನಾಮಿಕ್ಸ್ ಹೇಳೋ ಕೆಲವ್ರು ಇದ್ದೀರಿ, ಡೊಂಬಿವಲಿ ಕಡೆಯವ್ರು, ಥಾಣೆಯವ್ರು. ಈರುಳ್ಳಿಯಂಥ ಪ್ರಶ್ನೆಗಳು ನನ್ನ ಹತ್ರ ಒಂದು ನೋಟ್‌ಬುಕ್ ತುಂಬಾ ಉಂಟು, ಲೋಕಲ್ ಟ್ರೇನಿನ ಸೀಸನ್ ಟಿಕೆಟ್ ಮೇಲೆ, ಶೇರ್ ರಿಕ್ಷಾ ಮೇಲೆ, ಗಣಪತಿ ಹಬ್ಬದ ಹೂವಿನ ರೇಟಿನ ಮೇಲೆ. ಬೇಕಾದವ್ರು ಕೇಳಿ, ಫೋಟೋ ಹೊಡೆದು ಕಳಿಸ್ತೇನೆ. ವಿಡಿಯೋ ಲಿಂಕ್ ಮಾತ್ರ ಕೇಳ್ಬೇಡಿ, ಬೈತೇನೆ.