ರೇಡಿಯೋ ಮೇಷ್ಟ್ರ ಮಗ, ಬಾಕಿ 65

ಇವತ್ತು ಬೆಳಿಗ್ಗೆ ನನ್ನ ಮಾನ ಹೋಗಿದ್ದು ಸರಿಯಾಗಿ 65 ರೂಪಾಯಿಗೆ. ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ. ತಿಂದು, ಕೈ ತೊಳೆದು, ಗಲ್ಲಾ ಮುಂದೆ ನಿಂತು ಸ್ಟೈಲಾಗಿ ಮೊಬೈಲ್ ಎತ್ತಿ ಹಿಡಿದೆ. ಅದು ಒಂದು ಸಲ ಮಿಣುಕಿ, ಕಂಪನಿ ಹೆಸರು ತೋರಿಸಿ, ಕಣ್ಣು ಮುಚ್ಚಿತು. ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸ ಬಿಟ್ಟು ಎಷ್ಟು ವರ್ಷವಾಯಿತೋ. ತಡಕಾಡಿದರೆ ಸಿಕ್ಕಿದ್ದು ಎರಡು ರೂಪಾಯಿಯ ಒಂದು ನಾಣ್ಯ, ಹೋದ ವರ್ಷ ಹಾಸನಾಂಬೆ ಬಾಗಿಲು ತೆರೆದಾಗ ತಂದಿದ್ದ ಕುಂಕುಮದ ಪೊಟ್ಟಣ.

ಗಲ್ಲಾದಲ್ಲಿ ಕೂತವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಮನೆಯವರು ನೀವು?"

"ಮೇಷ್ಟ್ರ ಮಗ."

"ಯಾವ ಮೇಷ್ಟ್ರು? ಹಾಸನದಲ್ಲಿ ಕಲ್ಲು ಬೀಸಿದ್ರೆ ಯಾರಾದ್ರೂ ಮೇಷ್ಟ್ರಿಗೇ ಬೀಳೋದು."

ಬೀದಿ ಹೆಸರು ಹೇಳಿದೆ. ಅವರ ಮುಖ ಅರಳಿತು. "ಓ, ಬೆಳಿಗ್ಗೆ ಬೆಳಿಗ್ಗೆ ಪಕ್ಕದ ಮನೆಗಳ ಲೈಟ್ ಆಫ್ ಮಾಡಿಸ್ತಾರಲ್ಲ, ರೇಡಿಯೋ ಮೇಷ್ಟ್ರು! ಅವರ ಮಗನಾ?" ಅಂತ ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿ, ಕೆಳಗಿನಿಂದ ಕೆಂಪು ಬಟ್ಟೆ ರಟ್ಟಿನ ಉದ್ದ ಪುಸ್ತಕ ತೆಗೆದು, ದಾರ ಕಟ್ಟಿದ್ದ ಪೆನ್ನಿನಲ್ಲಿ ಬರೆದುಕೊಂಡರು. ರೇಡಿಯೋ ಮೇಷ್ಟ್ರ ಮಗ, 65. ನನಗೆ ವಯಸ್ಸು 46. ಹೆಸರು ಅಂತ ಒಂದಿದೆ. ಅದನ್ನು ಅವರು ಕೇಳಲೇ ಇಲ್ಲ.

ಮೊಬೈಲು ಸತ್ತಿದ್ದು ಆ ರೇಡಿಯೋದಿಂದಲೇ ಅನ್ನುವುದು ಅವರಿಗೆ ಗೊತ್ತಿಲ್ಲ. ನಾನು ಹೋಟೆಲಿಗೆ ಹೋಗಿದ್ದೂ ಅದರಿಂದಲೇ.

ನಮ್ಮಪ್ಪನ ಹತ್ತಿರ ಒಂದು ಟ್ರಾನ್ಸಿಸ್ಟರ್ ಇದೆ. ಎರಡೇ ಬ್ಯಾಂಡು, ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್. ಮುಂದೆ ತೂತು ತೂತಿನ ಚರ್ಮದ ಕವರು. ಮುಳ್ಳು ಎಳೆಯುವ ದಾರ ನಾನು ಹೈಸ್ಕೂಲಿನಲ್ಲಿದ್ದಾಗಲೇ ಕಿತ್ತುಹೋಗಿದೆ, ಹಾಗಾಗಿ ಸ್ಟೇಷನ್ ಯಾವುದೇ ಇರಲಿ ಮುಳ್ಳು ಮಾತ್ರ ಒಂದೇ ಕಡೆ ನಿಂತಿರುತ್ತದೆ. ಅಪ್ಪ ಕಿವಿಯಲ್ಲೇ ಹುಡುಕುತ್ತಾರೆ. ಸೆಲ್ಲು ಹಾಕುವ ಜಾಗದ ಸ್ಪ್ರಿಂಗು ತುಕ್ಕು ಹಿಡಿದಿದೆ, ಅಲ್ಲಿಗೆ ಬೆಳ್ಳಿ ಕಾಗದ ಮಡಿಸಿ ತುರುಕಿದ್ದಾರೆ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಸೆಲ್ಲು ಡೌನ್ ಆದರೆ ಇವತ್ತಿಗೂ ಕಾಂಪೌಂಡ್ ಗೋಡೆ ಮೇಲೆ, ಹಪ್ಪಳದ ಪಕ್ಕದಲ್ಲಿ, ನಾಲ್ಕು ಸೆಲ್ಲು ಬಿಸಿಲಿಗೆ ಮಲಗಿರುತ್ತವೆ. ಬಿಸಿ ಹತ್ತಿದರೆ ಇನ್ನೊಂದೆರಡು ದಿನ ಉಸಿರಾಡುತ್ತವೆ, ನಿಜ. ಆದರೆ ಪೆನ್ಷನ್ ಬರುವ ಮನುಷ್ಯ ಹೊಸ ಸೆಲ್ಲು ತರಬಾರದಾ?

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಸಮಸ್ಯೆ ಇರುವುದು ಎಲ್‌ಇಡಿ ಬಲ್ಬಿನಲ್ಲಿ. ಈ ಬಲ್ಬು, ಚಾರ್ಜರು, ಇಂಡಕ್ಷನ್ ಒಲೆ, ಎಲ್ಲದರೊಳಗೂ ಒಂದು ಸರ್ಕ್ಯೂಟ್ ಇರುತ್ತದೆ, ಅದು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಆನ್ ಆಫ್ ಮಾಡುತ್ತಿರುತ್ತದೆ. ಅದರ ಗಲಾಟೆ ನಮ್ಮ ಕಿವಿಗೆ ಕೇಳಿಸದು, ಮೀಡಿಯಂ ವೇವ್ ರೇಡಿಯೋಗೆ ಕೇಳಿಸುತ್ತದೆ. ಜೊಂಯ್ ಅಂತ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಇದನ್ನು ಅಪ್ಪನಿಗೆ ವಿವರಿಸಿದ ಮಹಾನುಭಾವ ನಾನೇ. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡೆ ಅಂತಾರಲ್ಲ, ಹಾಗಾಯಿತು. ಮೊದಲು ಅವರು ರೇಡಿಯೋ ತಲೆಗೆ ಎರಡು ಬಾರಿಸಿ ಸುಮ್ಮನಾಗುತ್ತಿದ್ದರು. ಈಗ ಕಳ್ಳ ಯಾರು ಅಂತ ಗೊತ್ತಾಗಿಬಿಟ್ಟಿದೆ.

ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ. "ಇಯಂ ಆಕಾಶವಾಣೀ" ಅಂದ ತಕ್ಷಣ ಕರ್ಫ್ಯೂ ಶುರು. ನಮ್ಮ ಮನೆಯಲ್ಲಿ ಯಾರಿಗೂ ಸಂಸ್ಕೃತ ಬಾರದು, ಅಪ್ಪನಿಗೂ ಬಾರದು. ಆದರೆ 7.05ರ ಪ್ರದೇಶ ಸಮಾಚಾರದ ಹೊತ್ತಿಗೆ ಮನೆ ಸ್ವಚ್ಛವಾಗಿರಬೇಕಲ್ಲ, ಅದಕ್ಕೆ ಈ ಹತ್ತು ನಿಮಿಷ. ಅಪ್ಪ ಪಂಚೆ ಎತ್ತಿ ಕಟ್ಟಿ ಕೋಣೆ ಕೋಣೆಗೆ ಹೊರಡುತ್ತಾರೆ. ಹಾಲಿನ ಬಲ್ಬು ಟಕ್. ವೈಫೈ ಡಬ್ಬಿ ಟಕ್. ಬಾತ್‌ರೂಮಿನ ಲೈಟು ಟಕ್, ಒಳಗೆ ಮಗಳು ಸೋಪು ಹಚ್ಚಿಕೊಂಡು "ತಾತಾ!" ಅಂತ ಕಿರುಚುತ್ತಾಳೆ, "ಎರಡೇ ನಿಮಿಷ ಪುಟ್ಟಿ" ಅನ್ನುತ್ತಾರೆ, ಇಪ್ಪತ್ತಾಗುತ್ತದೆ. ಮಿಕ್ಸಿಯಂತೂ ಮಹಾಪರಾಧ. ಹೆಂಡತಿ ತೆಂಗಿನಕಾಯಿ, ಹುರಿಗಡಲೆ, ಮೆಣಸಿನಕಾಯಿ ಎಲ್ಲ ಜಾರಿಗೆ ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು, ರೇಸಿಗೆ ನಿಂತವರ ಹಾಗೆ ಕಾಯುತ್ತಿರುತ್ತಾಳೆ. ಹವಾಮಾನ ಮುಗಿದರೇ ನಮಗೆ ಚಟ್ನಿ. ಇವತ್ತು ನನಗೆ ಕಾಯುವಷ್ಟು ಟೈಮ್ ಇರಲಿಲ್ಲ.

ಇಷ್ಟಾದ ಮೇಲೂ ಸ್ವಲ್ಪ ಜೊಂಯ್ ಉಳಿದಿತ್ತಂತೆ. ಅಪ್ಪ ರೇಡಿಯೋವನ್ನೇ ಕಂಕುಳಲ್ಲಿ ಇಟ್ಟುಕೊಂಡು, ಪೊಲೀಸ್ ನಾಯಿಯ ಹಾಗೆ ಗೋಡೆ ಗೋಡೆ ಮೂಸಿಸುತ್ತಾ ಬಂದರು. ನನ್ನ ಮಂಚದ ತಲೆದೆಸೆಗೆ ಬಂದಾಗ ಅದು ಜೋರಾಗಿ ಕಿರುಚಿತು. ಅಲ್ಲಿತ್ತು ನನ್ನ ಚಾರ್ಜರು. ರಾತ್ರಿಯೆಲ್ಲ ಮಗಳ ಪಾಳಿ, ಆರೂಮುಕ್ಕಾಲಿಗೆ ತಾನೇ ನನ್ನ ಮೊಬೈಲು ಹಚ್ಚಿದ್ದೆ. ಟಕ್. ವಾರ್ತೆ ಮುಗಿದ ಮೇಲೆ ವಾಪಸ್ ಆನ್ ಮಾಡುವ ಪದ್ಧತಿ ಅಪ್ಪನಲ್ಲಿ ಇಲ್ಲ.

ಪಕ್ಕದ ಮನೆಯವರೂ ಬಲಿಪಶುಗಳೇ. ಅವರ ಮೆಟ್ಟಿಲ ಕೆಳಗೆ ಒಂದು ಅಗ್ಗದ ಬಲ್ಬಿದೆ. ಅಪ್ಪ ಬೇಲಿ ಹತ್ತಿರ ನಿಂತು "ಏನಮ್ಮಾ, ತಿಂಡಿ ಆಯ್ತಾ?" ಅಂತ ಕೇಳುತ್ತಾರೆ. ಆ ತಾಯಿ ಉತ್ತರ ಕೊಡುವುದಿಲ್ಲ, ಹೋಗಿ ಬಲ್ಬು ಆರಿಸುತ್ತಾರೆ.

ನಾನೇನು ಸುಮ್ಮನೆ ಕೂತಿಲ್ಲ. ಹಾಸನದಲ್ಲೇ ಆಕಾಶವಾಣಿ ಇದೆ, 102.2 ಎಫ್‌ಎಂನಲ್ಲಿ ಗಾಜಿನಂತೆ ಕೇಳುತ್ತದೆ ಅಂತ ಹೊಸ ರೇಡಿಯೋ ತಂದುಕೊಟ್ಟೆ. ಅದು ಈಗ ಪೇಪರ್ ಹಾರದಂತೆ ಇಡುವ ಭಾರವಾಗಿದೆ. ಮೊಬೈಲಿನಲ್ಲಿ ಆಪ್ ಹಾಕಿಕೊಟ್ಟೆ. "ಅದು ರೇಡಿಯೋನಾ? ಒತ್ತಿದ್ರೆ ಬಂದುಬಿಡುತ್ತೆ" ಅಂದರು, ಏನೋ ಮೋಸ ಕಂಡುಹಿಡಿದವರ ಹಾಗೆ. ಅವರಿಗೆ ಬೆಂಗಳೂರೇ ಬೇಕು, 612 ಕಿಲೋಹರ್ಟ್ಸೇ ಬೇಕು. ಅದನ್ನು ಹಿಡಿಯಬೇಕು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಕೇಂದ್ರವಿದೆ, 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು 1982ರಿಂದ ನಮ್ಮೂರಿನಿಂದಲೇ ನೋಡಿಕೊಳ್ಳುತ್ತಾರೆ. ಅದೇ ಊರಿನಲ್ಲಿ ನಮ್ಮಪ್ಪ 180 ಕಿಲೋಮೀಟರ್ ದೂರದ ಬೆಂಗಳೂರು ಹಿಡಿಯಲು ಮೊಮ್ಮಗಳನ್ನು ಕತ್ತಲಲ್ಲಿ ಸ್ನಾನ ಮಾಡಿಸುತ್ತಾರೆ.

ಏರಿಯಲ್ ವಿಷಯವೂ ಹಾಗೇ. ಆ ಉದ್ದದ ಕಡ್ಡಿ ಶಾರ್ಟ್ ವೇವ್‌ಗೆ ಮಾತ್ರ, ಮೀಡಿಯಂ ವೇವ್‌ಗೆ ಒಳಗಡೆ ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಸೆಟ್ಟನ್ನೇ ತಿರುಗಿಸಬೇಕು ಅಂತ ಹೇಳಿದೆ. ಅಪ್ಪ ಸೆಟ್ಟನ್ನೂ ತಿರುಗಿಸುತ್ತಾರೆ, ಏರಿಯಲ್ಲನ್ನೂ ಎಳೆಯುತ್ತಾರೆ. ಚೆನ್ನಾಗಿ ಕೇಳುವ ಕೋನ ಸಿಕ್ಕಿದಾಗ ಬೀರುವಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದಾರೆ. ಹೋದ ತಿಂಗಳು ಹೆಂಡತಿ ಗೊತ್ತಿಲ್ಲದೆ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದಳು. ಮೂರು ದಿನ ಮಾತಿಲ್ಲ.

ಜಾಸ್ತಿ ವಾದ ಮಾಡಿದರೆ ಬೀರು ತೆರೆದು ರೇಡಿಯೋ ಲೈಸೆನ್ಸಿನ ಪುಸ್ತಕ ತೆಗೆಯುತ್ತಾರೆ. ಆಗ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ದುಡ್ಡು ಕಟ್ಟಿ ಸ್ಟಾಂಪು ಹಚ್ಚಿಸಬೇಕಿತ್ತು. ಸರ್ಕಾರ ಅದನ್ನು 1980ರ ದಶಕದಲ್ಲೇ ತೆಗೆದುಹಾಕಿತು, ಅಪ್ಪ ಪುಸ್ತಕ ಬಿಸಾಡಿಲ್ಲ. "ನಿನ್ನ ಮೊಬೈಲಿಗೆ ಲೈಸೆನ್ಸ್ ಇದೆಯೇನೋ?" ಆಮೇಲೆ 1935ಕ್ಕೆ ಹೋಗುತ್ತಾರೆ. ಮೈಸೂರಿನಲ್ಲಿ ಗೋಪಾಲಸ್ವಾಮಿ ಅನ್ನುವ ಪ್ರೊಫೆಸರು ತಮ್ಮ ಮನೆಯಲ್ಲೇ ಸ್ಟೇಷನ್ ಶುರು ಮಾಡಿದ್ದು, ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದಲೇ ಬಂದಿದ್ದು. ಅಲ್ಲಿಗೆ ಬಂದರೆಂದರೆ ನಾನು ಸೋತೆ ಅಂತಲೇ ಲೆಕ್ಕ.

ಸಂಜೆ ಜಗಳಕ್ಕೇ ಮನೆಗೆ ಬಂದೆ. ಮೊಬೈಲನ್ನು ಚಾರ್ಜಿಗೆ ಹಾಕಿ, ಬಾಯಿ ತೆರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಬೀದಿ ಕತ್ತಲು.

ಎಲ್ಲ ಮನೆಗಳಿಂದ "ಛೇ" ಅಂತ ಕೇಳಿಸಿತು. ನಮ್ಮ ಹಾಲಿನಿಂದ ಮಾತ್ರ "ಬಾರೋ ಬಾ, ಬೇಗ ಬಾ!" ಕರೆಂಟ್ ಹೋದರೆ ಖುಷಿಪಡುವ ಮನುಷ್ಯ ಹಾಸನದಲ್ಲಿ ಇವರೊಬ್ಬರೇ ಇರಬೇಕು. ಬಲ್ಬಿಲ್ಲ, ಚಾರ್ಜರಿಲ್ಲ, ಬೀದಿಗೆ ಬೀದಿಯ ಜೊಂಯ್ ಸತ್ತಿತ್ತು. ಅಪ್ಪ ಗುಂಡಿ ತಿರುಗಿಸಿದರು. ವೀಣೆ. ಪಕ್ಕದ ಕೋಣೆಯಲ್ಲಿ ಯಾರೋ ಕೂತು ನುಡಿಸುತ್ತಿರುವ ಹಾಗೆ. ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸುತ್ತಿತ್ತು. ಅಮ್ಮ ಮೇಣದಬತ್ತಿ ಹಚ್ಚಿ ತಂದು ಅಲ್ಲೇ ಕೂತರು. ಹೆಂಡತಿ ಬಂದಳು, ಮಗಳೂ ಬಂದು ನೆಲದ ಮೇಲೆ ಅಡ್ಡಾದಳು, ಅವಳ ಮೊಬೈಲೂ ಸತ್ತಿತ್ತು. ಯಾರೂ ಮಾತಾಡಲಿಲ್ಲ. ನಾನು ರೇಡಿಯೋ ಪಕ್ಕಕ್ಕೆ ಸರಿದೆ. ಆ ಚರ್ಮದ ಕವರಿಗೆ ಒಂದು ವಾಸನೆ ಇದೆ, ನಶ್ಯ, ಕೊಬ್ಬರಿ ಎಣ್ಣೆ, ಏನೋ ಸೇರಿದ್ದು. ಚಿಕ್ಕವನಿದ್ದಾಗ ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಅದಕ್ಕೇ ಕಿವಿ ಒತ್ತಿ ನಿದ್ದೆ ಮಾಡುತ್ತಿದ್ದೆ. ಎದ್ದಾಗ ಕೆನ್ನೆ ಮೇಲೆ ತೂತು ತೂತಿನ ಗುರುತು ಬಿದ್ದಿರುತ್ತಿತ್ತು.

ಹತ್ತು ನಿಮಿಷ ಇರಬೇಕು. ಕರೆಂಟ್ ಬಂತು. ಬೀದಿಯೆಲ್ಲ "ಹೋ" ಅಂದಿತು, ರೇಡಿಯೋ ಜೊಂಯ್ ಅಂದಿತು, ಅಪ್ಪ "ಥೂ, ಬಂದೇಬಿಡ್ತಲ್ಲಪ್ಪ" ಅಂದರು. ಮಗಳೂ ನಾನೂ ಚಾರ್ಜರಿಗೆ ಓಡಿದೆವು. ಅವಳೇ ಗೆದ್ದಳು.

ಆಮೇಲೆ ಊಟಕ್ಕೆ ಕೂತಾಗ ಹೋಟೆಲಿನ ಕಥೆ ಹೇಳಿದೆ. ಗಲ್ಲಾ, ಕೆಂಪು ಪುಸ್ತಕ, ರೇಡಿಯೋ ಮೇಷ್ಟ್ರ ಮಗ, ಬಾಕಿ 65, ಎಲ್ಲ. ಸ್ವಲ್ಪ ಖಾರವಾಗಿಯೇ ಹೇಳಿದೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡು, ಯೋಚನೆ ಮಾಡಿ ಕೇಳಿದರು:

"ಆ ಹೋಟೆಲಿನವನು ಗ್ರೈಂಡರ್ ಎಷ್ಟು ಗಂಟೆಗೆ ಹಾಕ್ತಾನೆ, ವಿಚಾರಿಸಿದೆಯೇನೋ?"